ಮರಬಾನಾಡಿಯ ವಂಶಾವಳಿ

ಗೊತ್ತಿಲ್ಲ ಎಂದು ಹೇಳಲು ನಾಚುವವರು ಈ ಲೋಕದಲ್ಲಿ ಬಹಳ ಮಂದಿ. ದೇವರು ಅವರನ್ನೆಲ್ಲ ಕ್ಷಮಿಸುತ್ತಾನೆ. ಎಲ್ಲವೂ ಗೊತ್ತಿರುವವನಿಗೆ ಗೊತ್ತಿಲ್ಲದವರ ಮೇಲೆ ಸಿಟ್ಟೇಕೆ? ಆದರೆ ನಮ್ಮ ಗುಮಾಸ್ತರ ವಿಷಯದಲ್ಲಿ ಮಾತ್ರ ಅವನಿಗೆ ಏನನ್ನಿಸಿತೋ, ಕ್ಷಮಿಸುವ ಮುಂಚೆ ಅವರನ್ನು ಒಂದು ಹಕ್ಕಿಯ ವಶಕ್ಕೆ ಒಪ್ಪಿಸಿದ.

ಗುಮಾಸ್ತರ ಕೆಲಸ ವಂಶಾವಳಿ ಬರೆಯುವುದು. ಯಾರಾದರೂ ತೀರಿಕೊಂಡು ಅವರ ಮನೆಯೋ ಹೊಲವೋ ಮಕ್ಕಳಿಗೆ ಹೋಗಬೇಕಾದರೆ, ಯಾರು ಯಾರ ಮಗ, ಯಾರು ಯಾರ ಮೊಮ್ಮಗಳು ಎಂದು ತೋರಿಸುವ ಕಾಗದವೊಂದು ಬೇಕಲ್ಲ, ಅದನ್ನು ಅವರು ಬರೆಯುತ್ತಿದ್ದರು. ಇದ್ದವರಿಗೆ ಕಪ್ಪು ಶಾಯಿ, ಹೋದವರಿಗೆ ಕೆಂಪು ಶಾಯಿ. ಮೂರು ಪ್ರತಿ. ಒಂದು ಪ್ರತಿ ಕಚೇರಿಯ ಬಾಗಿಲ ಪಕ್ಕದ ಸೂಚನಾ ಫಲಕಕ್ಕೆ. ಮೂವತ್ತು ದಿನದಲ್ಲಿ ಯಾರೂ ಆಕ್ಷೇಪಣೆ ಹಾಕದಿದ್ದರೆ ಅದೇ ಅಂತಿಮ. ಮೂವತ್ತಾರು ವರ್ಷದಲ್ಲಿ ಅವರು ಬರೆದ ಒಂದು ಕಾಗದವೂ ತಿರುಗಿ ಬಂದಿರಲಿಲ್ಲ. ಊರಿನ ಅರ್ಧ ಜನರ ಮುತ್ತಜ್ಜಿಯರು ಅವರ ನಾಲಿಗೆಯ ತುದಿಯಲ್ಲಿದ್ದರು. ನಿವೃತ್ತಿಗೆ ಇನ್ನು ನಾಲ್ಕು ತಿಂಗಳು.

ಇಷ್ಟು ತಿಳಿದವರಿಗೆ ಉಳಿದದ್ದೆಲ್ಲವೂ ತಿಳಿದಿರಲೇಬೇಕು ಎಂಬ ಭಾವನೆ ಯಾವಾಗ ಬಂತೋ ಹೇಳಲಾಗದು. ಹಲ್ಲುನೋವಿಗೆ ಏನು ಮದ್ದು ಎಂದು ಕೇಳಿದರೂ, ಸೂರ್ಯಗ್ರಹಣ ಎಷ್ಟು ಹೊತ್ತಿಗೆ ಎಂದು ಕೇಳಿದರೂ ಅವರ ಉತ್ತರ ಶುರುವಾಗುತ್ತಿದ್ದದ್ದು ಒಂದೇ ಬಗೆಯಲ್ಲಿ: "ಗೊತ್ತು ಬಿಡಿ." ಹೀಗಾಗಿ ಬೀದಿಯವರು ಅವರನ್ನು ಗೊತ್ತುಬಿಡಿಯವರು ಎಂದೇ ಕರೆಯುತ್ತಿದ್ದರು. ಅದು ತಮಾಷೆಯ ಹೆಸರು ಎಂಬುದೊಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಕಚೇರಿಯ ಅಂಗಳದಲ್ಲಿ ಒಂದು ದೊಡ್ಡ ಮರವಿತ್ತು. ಅದರ ತುದಿಯ ಒಣ ರೆಂಬೆಗಳ ಮೇಲೆ ಒಂದು ಜೊತೆ ಬೂದುಬಣ್ಣದ ಹಕ್ಕಿಗಳು ನೆಟ್ಟಗೆ ಕೂರುತ್ತಿದ್ದವು. ಹಣೆಯ ಮೇಲೆ ಎದ್ದು ನಿಂತ ಪುಟ್ಟ ಜುಟ್ಟು, ಕತ್ತರಿಯಂತೆ ಸೀಳಿದ ಉದ್ದ ಬಾಲ. ಒಂದಕ್ಕೆ ಕೆನ್ನೆಯಲ್ಲಿ ಇಟ್ಟಿಗೆಯ ಕೆಂಪು. ಹಾರಿದರೆ ಗಾಳಿಯಲ್ಲಿ ಕುಡುಗೋಲು ಬೀಸಿದ ಹಾಗೆ. ಕೂತರೆ ಅಲ್ಲಿಯೇ ಕೆತ್ತಿಟ್ಟ ಹಾಗೆ. ಮರದ ಕೆಳಗೆ ಸಾಹೇಬರ ಹೊಸ ಕಾರು ನಿಲ್ಲುತ್ತಿತ್ತು. ಹಕ್ಕಿಗಳ ಹಿಕ್ಕೆ ಬೀಳುತ್ತಿದ್ದುದು ಎಲ್ಲಿಗೆ ಎಂದು ಬೇರೆ ಹೇಳಬೇಕಾಗಿಲ್ಲ.

ಒಂದು ಮಧ್ಯಾಹ್ನ ಸಾಹೇಬರು ಕಾರಿನ ಗಾಜು ಒರೆಸುತ್ತಾ ತಲೆಯೆತ್ತಿ, "ಯಾವ ಹಕ್ಕಿ ರೀ ಇವು?" ಎಂದರು. ಕೇಳಿದ್ದು ಯಾರನ್ನೂ ಅಲ್ಲ. ಆದರೆ ಅಲ್ಲಿಯೇ ಬುತ್ತಿ ಬಿಚ್ಚುತ್ತಿದ್ದ ಗುಮಾಸ್ತರು ಕೈ ತೊಳೆದುಕೊಂಡು ಎದ್ದು ಬಂದರು.

"ಗೊತ್ತು ಬಿಡಿ ಸಾರ್. ಬಾನಾಡಿಗಳು. ನಮ್ಮ ದಾಖಲೆ ಕೋಣೆ ಸೂರಿನ ಕೆಳಗೆ ಗೂಡು ಕಟ್ಟಿಕೊಂಡು ದಿನಾ ಸಂಜೆ ಕಿರುಚುತ್ತಾ ಸುತ್ತುತ್ತವಲ್ಲ, ಅವುಗಳ ಮನೆಯವರೇ."

"ಅವು ಕಪ್ಪಗಿವೆಯಲ್ರೀ?"

"ಒಂದೇ ಮನೇಲಿ ಒಬ್ಬ ಕಪ್ಪು, ಒಬ್ಬ ಬಿಳುಪು ಇರಲ್ವಾ ಸಾರ್? ನನ್ನ ಭಾವಮೈದುನನ್ನೇ ನೋಡಿ. ಕರೆಂಟು ತಂತಿ ಮೇಲೆ ಸಾಲಾಗಿ ಕೂರೋ ಅಂಬರಗುಬ್ಬಿ ಇದೆಯಲ್ಲ, ಅದೂ ಇವರ ಪೈಕಿನೇ. ಅದು ಹಿರಿಯಣ್ಣ."

"ಹಾಗಾದ್ರೆ ಇವುಗಳ ಗೂಡು?"

"ಗೋಡೇಲಿ ಸಾರ್. ಮರಕ್ಕೆ ಸುಮ್ಮನೆ ನೆಂಟರ ಥರ ಬಂದು ಕೂತು ಹೋಗ್ತವೆ."

ಸಾಹೇಬರ ಮುಖ ಅರಳಿತು. ಆ ಮರ ತೆಗೆಸಿ ಕಾರಿಗೊಂದು ಶೆಡ್ಡು ಹಾಕಿಸಬೇಕೆಂದು ಅವರು ವರ್ಷದಿಂದ ಓಡಾಡುತ್ತಿದ್ದರು. ಎಲ್ಲ ಒಪ್ಪಿಗೆಯೂ ಬಂದು, ಕೊನೆಯದೊಂದು ನಮೂನೆ ಉಳಿದಿತ್ತು: 'ಸದರಿ ಮರದಲ್ಲಿ ಯಾವುದೇ ಹಕ್ಕಿಯ ಗೂಡು ಇರುವುದಿಲ್ಲ' ಎಂದು ತಿಳಿದವರೊಬ್ಬರು ಸಹಿ ಹಾಕಬೇಕು. ಸುಳ್ಳು ಸಹಿ ಎಂದು ತೋರಿಬಂದರೆ ಕೆಲಸದಿಂದ ತೆಗೆಯುವುದಾಗಿ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು.

"ನಮ್ಮ ಕಚೇರೀಲೇ ಇಂಥ ಪಂಡಿತರನ್ನು ಇಟ್ಟುಕೊಂಡು ನಾನು ಊರೆಲ್ಲ ಹುಡುಕ್ತಿದ್ದೆ ನೋಡಿ!" ಎಂದು ಸಾಹೇಬರು ಗುಮಾಸ್ತರ ಬೆನ್ನು ತಟ್ಟಿದರು. ಮೂವತ್ತಾರು ವರ್ಷದಲ್ಲಿ ಆ ಬೆನ್ನನ್ನು ಯಾರೂ ತಟ್ಟಿರಲಿಲ್ಲ. ಅದು ಒಳಗೆಲ್ಲ ಕೇಳಿಸಿತು.

ಗುಮಾಸ್ತರು ಮರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಕತ್ತು ನೋಯುವವರೆಗೆ ನೋಡಿದರು. ಅವರ ಕತ್ತು ಬೇಗ ನೋಯುತ್ತಿತ್ತು. ಕಾಗೆಯ ಗೂಡಿನಂಥದ್ದೇನೂ ಕಾಣಲಿಲ್ಲ. ಸಹಿ ಹಾಕಿದರು. ಆದರೆ ಪಂಡಿತನಾದವನು ಬರೀ ಒಂದು ಸಹಿ ಹಾಕಿ ಸುಮ್ಮನಾಗುವುದೇ? ಹಕ್ಕಿಗಳು ಗೋಡೆಯ ಮನೆಯವೇ ಎಂದು ತೋರಿಸಲು ತಮಗೆ ಬರುವ ಒಂದೇ ವಿದ್ಯೆಯನ್ನು ಹೊರತೆಗೆದು, ಅಂದವಾಗಿ ಗೆರೆ ಎಳೆದು, ಒಂದು ವಂಶಾವಳಿ ಬರೆದರು. ಮೂಲಪುರುಷ: ಬಾನಾಡಿ, ಕೆಂಪು ಶಾಯಿಯಲ್ಲಿ. ಹಿರಿಯ ಮಗ ಅಂಬರಗುಬ್ಬಿ, ವಾಸ ಕರೆಂಟು ತಂತಿ. ಎರಡನೇ ಮಗ ಮನೆಬಾನಾಡಿ, ವಾಸ ದಾಖಲೆ ಕೋಣೆಯ ಸೂರು. ಕಿರಿಯ ಮಗ ಜುಟ್ಟಿನವನು, ಕಾಯಂ ವಾಸ ಅಣ್ಣನ ಜೊತೆ, ಮರಕ್ಕೆ ಬಂದುಹೋಗುವುದು ರೂಢಿ. ಕೈಗೆ ಅಭ್ಯಾಸವಾದದ್ದರಿಂದ ಮೂರು ಪ್ರತಿಯಾಯಿತು. ಮೊಹರೂ ಬಿತ್ತು.

ಆ ಕಚೇರಿಯ ಜವಾನ ಮೂವತ್ತು ವರ್ಷದ ಅನುಭವಸ್ಥ. ಮೂರು ಪ್ರತಿ, ಮೊಹರು, ಗೆರೆಗಳು ಕಂಡರೆ ಒಂದನ್ನು ಫಲಕಕ್ಕೆ ಅಂಟಿಸಬೇಕು. ಓದುವುದು ಅವನ ಕೆಲಸವಲ್ಲ. ಅಂಟಿಸಿದ.

ಮರುದಿನ ಬೆಳಿಗ್ಗೆ ಫಲಕದ ಮುಂದೆ ಜನ ಸೇರಿದ್ದರು.

"ಯಾರಪ್ಪಾ ಈ ಬಾನಾಡಿ? ದೊಡ್ಡ ಮನೆತನ ಇರಬೇಕು."

"ಮೂರು ಜನ ಗಂಡುಮಕ್ಕಳು. ಒಬ್ಬನಿಗೂ ಸ್ವಂತ ಮನೆ ಇಲ್ಲ, ಪಾಪ. ಒಬ್ಬ ತಂತಿ ಮೇಲಂತೆ!"

"ಹೆಣ್ಣುಮಕ್ಕಳ ಹೆಸರೇ ಹಾಕಿಲ್ಲ ನೋಡಿ," ಎಂದಳು ಹಾಲು ಮಾರುವವಳು. "ಯಾವ ಜಾತಿಯಾದರೇನು, ಎಲ್ಲ ಕಡೆ ಇದೇ ಅನ್ಯಾಯ."

ಒಬ್ಬ ಮುದುಕರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, ತಮ್ಮ ತಾತನ ಮನೆಯ ಸೂರಿನಲ್ಲೂ ಬಾನಾಡಿಗಳಿದ್ದವು, ಆದ್ದರಿಂದ ತಮಗೂ ಏನಾದರೂ ಪಾಲು ಬರಬಹುದೇ ಎಂದು ಒಳಗೆ ಬಂದು ವಿಚಾರಿಸಿದರು.

ಸುದ್ದಿ ಗುಮಾಸ್ತರಿಗಿಂತ ಮೊದಲೇ ಅವರ ಮನೆ ತಲುಪಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ನನ್ನ ತಂಗಿಯ ಮಗಳ ಹೆಸರು ಇವತ್ತಿಗೂ ನಿಮ್ಮ ತಲೇಲಿ ನಿಂತಿಲ್ಲ. ಗುಬ್ಬಚ್ಚಿಗಳ ದೊಡ್ಡಪ್ಪ ಚಿಕ್ಕಪ್ಪ ಎಲ್ಲ ಬಾಯಿಪಾಠ, ಅಲ್ವಾ?"

"ಗುಬ್ಬಚ್ಚಿ ಅಲ್ಲ ಕಣೇ, ಬಾನಾಡಿ. ನಿನಗೆ ಅರ್ಥ ಆಗಲ್ಲ ಬಿಡು."

"ನಿಮಗೆ ಆಗಿದೆಯಾ?"

ಗುಮಾಸ್ತರು ಕೈಕಾಲು ತೊಳೆಯಲು ಹೋದರು.

ಮೂರನೇ ದಿನ ಆಕ್ಷೇಪಣೆ ಬಂತು. ತಂದವರು ಟೀಚರಮ್ಮ. ಎಂಬತ್ತು ದಾಟಿದ, ಬಿದಿರಿನ ಕಡ್ಡಿಯಂತೆ ನೆಟ್ಟಗಿದ್ದ ಆಕೆ ನಲವತ್ತು ವರ್ಷ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವರು. ಅವರು ಒಳಗೆ ಬಂದದ್ದೇ ತಡ, ಸಾಹೇಬರು ಕುರ್ಚಿಯಿಂದ ದಡಕ್ಕನೆ ಎದ್ದು, ತಮಗೇ ತಿಳಿಯದಂತೆ ಎಡಗಿವಿಯನ್ನು ಕೈಯಿಂದ ಮುಚ್ಚಿಕೊಂಡರು. ಆ ಕಿವಿಯನ್ನು ಟೀಚರಮ್ಮ ಎಷ್ಟೋ ಸಲ ಹಿಂಡಿದ್ದರು.

"ಈ ವಂಶಾವಳಿ ಬರೆದವರು ಯಾರು?" ಎಂದರು ಟೀಚರಮ್ಮ.

ಇಡೀ ಕಚೇರಿ ಗುಮಾಸ್ತರ ಕಡೆ ನೋಡಿತು.

"ಅಂಬರಗುಬ್ಬಿ ಇವರ ಅಣ್ಣ ಅಲ್ಲ. ಜುಟ್ಟಿನವನು ಮನೆಬಾನಾಡಿಯ ತಮ್ಮ ಅಲ್ಲ. ಮೂರು ಪ್ರತಿಯಲ್ಲಿ ಬರೆದು ತಂದಿದ್ದೀನಿ. ವಿಚಾರಣೆ ಯಾವಾಗ?"

ಸಾಹೇಬರು ಇದು ಲೆಕ್ಕಕ್ಕೆ ಬಾರದ ಕಾಗದ, ಕೈತಪ್ಪಿ ಅಂಟಿಸಿದ್ದು ಎಂದು ಹೇಳಿ ನೋಡಿದರು. ಟೀಚರಮ್ಮ ಮೊಹರು ತೋರಿಸಿದರು. ಮೊಹರು ಬಿದ್ದದ್ದು, ಫಲಕಕ್ಕೆ ಏರಿದ್ದು, ಆಕ್ಷೇಪಣೆ ಬಂದದ್ದು. ಇನ್ನು ವಿಚಾರಣೆ ನಡೆಸದೆ ಕಡತ ಮುಚ್ಚುವಂತಿರಲಿಲ್ಲ. ಮರದ ಕಡತಕ್ಕೆ ಈ ಕಾಗದವನ್ನೇ ಲಗತ್ತಿಸಿದ್ದರಿಂದ ಅದೂ ಜೊತೆಗೆ ನಿಂತಿತು. ಮುಂದಿನ ವಾರಕ್ಕೆ ದಿನ ಗೊತ್ತಾಯಿತು. ಅದೇ ದಿನ ವಿಚಾರಣೆ ಮುಗಿದ ಕೂಡಲೇ ಕೆಲಸ ಶುರುಮಾಡುವಂತೆ ಸಾಹೇಬರು ಮರ ಕಡಿಯುವವನಿಗೂ ಹೇಳಿಕಳಿಸಿದರು.

ಹೊರಗೆ ಹೋಗುವಾಗ ಟೀಚರಮ್ಮ ಗುಮಾಸ್ತರನ್ನು ಮರದ ಕೆಳಗೆ ಕರೆದರು. ಕೊರಳಲ್ಲಿದ್ದ ಹಳೆಯ ದುರ್ಬೀನನ್ನು ತೆಗೆದು ಅವರ ಕೈಗಿಟ್ಟರು.

"ಆ ಬೋಳು ಕೊಂಬೆ ನೋಡಪ್ಪಾ. ಏನು ಕಾಣುತ್ತೆ?"

"ಗೊತ್ತು ಬಿಡಿ ಅಮ್ಮಾ. ಹಕ್ಕಿ ಕೂತಿದೆ."

"ಗೊತ್ತಿರೋದನ್ನ ಬಿಡು. ಕಾಣೋದನ್ನ ಹೇಳು."

ಗುಮಾಸ್ತರು ನೋಡಿದರು. ಹಕ್ಕಿ ಕೊಂಬೆಗೆ ಅಡ್ಡಲಾಗಿ ಕೂತು, ಹೊಟ್ಟೆಯ ಗರಿಗಳನ್ನು ಉಬ್ಬಿಸಿತ್ತು. ಗರಿಗಳ ಪಕ್ಕದಲ್ಲಿ ಕೊಂಬೆಗೊಂದು ಗಂಟು. "ಒಂದು ಗಂಟಿದೆ," ಎಂದರು.

"ನೋಡ್ತಾ ಇರು."

ಬಹಳ ಹೊತ್ತಾಯಿತು. ಅವರ ಕತ್ತು ನೋಯಿತು. ಈ ಸಲ ಅವರು ತಲೆ ಇಳಿಸಲಿಲ್ಲ. ಎಲ್ಲಿಂದಲೋ ಕೆಂಪು ಕೆನ್ನೆಯ ಹಕ್ಕಿ ತೇಲಿ ಬಂತು. ಕೂತಿದ್ದದ್ದು ಎದ್ದು ಹಾರಿತು. ಆ ಒಂದು ಉಸಿರಿನ ಅವಧಿಯಲ್ಲಿ ಗುಮಾಸ್ತರಿಗೆ ಕಂಡದ್ದು ಗಂಟಲ್ಲ. ತೊಗಟೆಯ ಚೂರು, ಒಂದೆರಡು ಗರಿ, ಎಲ್ಲವನ್ನೂ ಹಕ್ಕಿ ತನ್ನ ಎಂಜಲಿನಿಂದಲೇ ಅಂಟಿಸಿ ಕೊಂಬೆಯ ಪಕ್ಕಕ್ಕೆ ಹತ್ತಿಸಿದ ಒಂದು ಬಟ್ಟಲು. ಬಟ್ಟಲೆಂದರೆ ಹೆಬ್ಬೆರಳಿನ ತುದಿ ಹಿಡಿಸುವಷ್ಟು. ಅದರೊಳಗೆ, ಅದನ್ನು ತುಂಬಿಕೊಂಡು ಅಂಚಿನ ಮೇಲೆ ಎದ್ದು ಕಾಣುವಂತೆ, ಒಂದೇ ಒಂದು ಮೊಟ್ಟೆ. ಕೆಂಪು ಕೆನ್ನೆಯದು ಬಂದು ಕೂತಿತು. ಬಟ್ಟಲಿನ ಮೇಲಲ್ಲ, ಕೊಂಬೆಯ ಮೇಲೆ. ಭಾರವೆಲ್ಲ ಕೊಂಬೆಗೆ, ಬಿಸಿ ಮಾತ್ರ ಮೊಟ್ಟೆಗೆ.

ಗುಮಾಸ್ತರು ದುರ್ಬೀನು ಇಳಿಸಿದರು.

"ಅದರ ಮೇಲೆ ಕೂತರೆ?" ಎಂದರು ಪಿಸುದನಿಯಲ್ಲಿ.

"ಮುರಿದು ಬೀಳುತ್ತೆ. ಅದಕ್ಕೇ ಕೂರಲ್ಲ," ಎಂದರು ಟೀಚರಮ್ಮ. "ಗೂಡಿದೆ ಅಂತ ನಾನು ಆಕ್ಷೇಪಣೇಲಿ ಬರೆದಿಲ್ಲ. ಬರೆದರೆ ನಿನ್ನ ಕೆಲಸ ಹೋಗುತ್ತೆ. ಆ ಮಾತು ನಿನಗೇ ಬಿಟ್ಟಿದ್ದೀನಿ."

ಗುಮಾಸ್ತರು ಆ ವಾರ ಸರಿಯಾಗಿ ಊಟ ಮಾಡಲಿಲ್ಲ. ಹೆಂಡತಿ ಎರಡು ದಿನ ನೋಡಿ, ಮೂರನೇ ದಿನ ತಟ್ಟೆಯನ್ನು ಪಕ್ಕಕ್ಕಿಟ್ಟು ಎದುರಿಗೆ ಕೂತಳು. ಅವರು ಎಲ್ಲವನ್ನೂ ಹೇಳಿದರು.

"ಒಂದೇ ಮೊಟ್ಟೆನಾ?" ಎಂದಳು ಆಕೆ.

"ಒಂದೇ."

"ಗೂಡು ಎಷ್ಟಿದೆ?"

ಅವರು ಹೆಬ್ಬೆರಳು ತೋರಿಸಿದರು. ಆಕೆ ಆ ಬೆರಳನ್ನು ಹಿಡಿದು, ತಿರುಗಿಸಿ ನೋಡಿ, "ಅಷ್ಟರಲ್ಲಿ ಮಗು ಎಲ್ಲಿ ಮಲಗುತ್ತೆ ರೀ?" ಎಂದಳು. ಅದು ಅವರಿಗೂ ಹೊಳೆದಿರಲಿಲ್ಲ.

"ನಾಲ್ಕು ತಿಂಗಳಿದೆ ಕಣೇ. ಮೂವತ್ತಾರು ವರ್ಷದಲ್ಲಿ ನನ್ನ ಕಾಗದ ಒಂದೂ ತಪ್ಪಾಗಿಲ್ಲ."

"ಒಂದು ಆಗಿದೆ. ನಿಮಗೂ ಗೊತ್ತು, ಆ ಟೀಚರಮ್ಮನಿಗೂ ಗೊತ್ತು, ಈಗ ನನಗೂ ಗೊತ್ತು. ಇನ್ನು ಮರ ಬಿದ್ದರೆ ದಿನಾ ಒಂದೇ ತಟ್ಟೆ ಮುಂದೆ ನಾವಿಬ್ಬರೂ ಕೂತು ಅದನ್ನು ಮರೆತ ಹಾಗೆ ನಟಿಸಬೇಕಾ? ನನ್ನ ಕೈಲಿ ಆಗಲ್ಲಪ್ಪ."

ವಿಚಾರಣೆಯ ದಿನ ಅಂಗಳ ತುಂಬಿತ್ತು. ದೊಡ್ಡ ಮನೆತನವೊಂದರ ಆಸ್ತಿ ಪಾಲಾಗುತ್ತಿದೆ ಎಂಬ ಸುದ್ದಿ ಹೇಗೋ ಹರಡಿತ್ತು. ಒಳಗೆ ಜಾಗ ಸಾಲದೆ ಸಾಹೇಬರ ಮೇಜನ್ನು ಮರದ ಕೆಳಗೇ ತಂದಿಟ್ಟರು. ಮರ ಕಡಿಯುವವನು ಏಣಿಯನ್ನು ಬುಡಕ್ಕೆ ಒರಗಿಸಿ, ಗರಗಸವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಗುಮಾಸ್ತರ ಹೆಂಡತಿಯೂ ಬಂದು ಹಿಂದೆ ನಿಂತಿದ್ದಳು.

ಟೀಚರಮ್ಮ ಶುರುಮಾಡಿದರು. "ಮೊದಲನೆಯದು. ಅಂಬರಗುಬ್ಬಿಗೂ ಬಾನಾಡಿಗೂ ರಕ್ತಸಂಬಂಧ ಇಲ್ಲ. ಅಂಬರಗುಬ್ಬಿ ಹಾಡುಹಕ್ಕಿಗಳ ಪೈಕಿ. ಹತ್ತಿರದ ನೆಂಟರನ್ನು ಹುಡುಕಿಕೊಂಡು ಹೊರಟರೆ ಬಾನಾಡಿಗಿಂತ ಮೊದಲು ಅದಕ್ಕೆ ಸಿಗೋದು ಕಾಗೆ."

"ಅಯ್ಯೋ ಶಿವನೇ!" ಎಂದಿತು ಜನ. ತಂತಿಯ ಮೇಲೆ ಕೂತಿದ್ದ ಅಂಬರಗುಬ್ಬಿಗಳನ್ನು ಎಲ್ಲರೂ ಒಮ್ಮೆ ಅನುಮಾನದಿಂದ ನೋಡಿದರು.

"ಹಾಗಾದರೆ ನೋಡೋಕೆ ಅಷ್ಟು ಹೋಲ್ತವಲ್ಲ ಟೀಚರ್?" ಎಂದರು ಸಾಹೇಬರು, ಕೈಯೆತ್ತಿ.

"ಒಂದೇ ಕೆಲಸ ಮಾಡಿದವರು ಒಂದೇ ಥರ ಆಗ್ತಾರೆ. ಇಬ್ಬರದೂ ಗಾಳೀಲಿ ಹಾರ್ತಾ ಹುಳ ಹಿಡಿಯೋ ಕೆಲಸ. ನಿಮ್ಮ ಕಚೇರಿ ಗುಮಾಸ್ತರನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡು, ಎಲ್ಲರ ಬೆನ್ನೂ ಒಂದೇ ಥರ ಬಾಗಿದೆ. ಇವರೆಲ್ಲ ಅಣ್ಣತಮ್ಮಂದಿರಾ?"

ಗುಮಾಸ್ತರೆಲ್ಲ ಒಟ್ಟಿಗೆ ಬೆನ್ನು ನೆಟ್ಟಗೆ ಮಾಡಿಕೊಂಡರು.

"ಎರಡನೆಯದು. ಸೂರಿನ ಕೆಳಗಿರೋ ಮನೆಬಾನಾಡಿ ಮತ್ತು ಈ ಜುಟ್ಟಿನ ಮರಬಾನಾಡಿ, ಇವರು ನಿಜವಾಗಿಯೂ ಒಂದೇ ಮೂಲದವರು. ಆದರೆ ಅಣ್ಣತಮ್ಮ ಅಲ್ಲ, ದಾಯಾದಿಗಳು. ಎಷ್ಟೋ ಲಕ್ಷ ಲಕ್ಷ ವರ್ಷಗಳ ಹಿಂದೆ ಬೇರೆ ಆದವರು. ಬಾನಾಡಿ ತನ್ನ ಬಾಳನ್ನೆಲ್ಲ ಗಾಳಿಗೆ ಒಪ್ಪಿಸಿತು. ಅದರ ಕಾಲಿಗೆ ಗೋಡೆ ಕಚ್ಚಿ ನೇತಾಡೋದು ಬರುತ್ತೆ, ಕೊಂಬೆ ಮೇಲೆ ಕೂರೋದು ಬರಲ್ಲ. ಮರಬಾನಾಡಿ ಅಷ್ಟೇ ಚೆನ್ನಾಗಿ ಹಾರುತ್ತೆ, ಆದರೆ ಕೂರೋದನ್ನು ಬಿಡಲಿಲ್ಲ. ಇಡೀ ಭೂಮಿ ಮೇಲೆ ಅವರ ಮನೆತನ ಅಂದರೆ ನಾಲ್ಕೇ ಬಗೆ."

"ನಾಲ್ಕೇನಾ!" ಎಂದಳು ಹಾಲು ಮಾರುವವಳು.

"ಇನ್ನೊಂದು ದೂರದ ಸಂಬಂಧ ಇದೆ. ಹೂವಿನ ಮುಂದೆ ಗಾಳೀಲೇ ನಿಂತು ಮಧು ಹೀರೋ ಹಮ್ಮಿಂಗ್ ಹಕ್ಕಿ. ಅದಿರೋದು ಸಮುದ್ರದಾಚೆ."

ಪಾಲು ಕೇಳಲು ಬಂದಿದ್ದ ಮುದುಕರು ಎದ್ದು ನಿಂತರು. "ಪರದೇಶದವರೂ ಬಂದು ಕೇಳಿದರೆ ಇಲ್ಲಿದ್ದವರಿಗೆ ಏನು ಉಳಿಯುತ್ತೆ ಸ್ವಾಮಿ?"

ಸಾಹೇಬರು ಮೇಜು ಕುಟ್ಟಿದರು. "ಆಯ್ತು. ವಂಶಾವಳಿ ತಿದ್ದಿ. ಅಂಬರಗುಬ್ಬಿ ಹೆಸರು ಹೊಡೆದುಹಾಕಿ, ಜುಟ್ಟಿನವನನ್ನು ದಾಯಾದಿ ಅಂತ ಬರೀರಿ. ವಿಚಾರಣೆ ಮುಗೀತು. ಗೂಡಿಲ್ಲ ಅಂತ ದೃಢೀಕರಣ ಹೇಗೂ ಇದೆ." ಮರ ಕಡಿಯುವವನ ಕಡೆ ತಿರುಗಿ, "ಹತ್ತಪ್ಪಾ. ಮೇಲಿನ ಬೋಳು ಕೊಂಬೆಯಿಂದ ಶುರುಮಾಡು," ಎಂದರು.

ಅವನು ಗರಗಸವನ್ನು ಹೆಗಲಿಗೆ ಹಾಕಿಕೊಂಡು ಏಣಿ ಏರತೊಡಗಿದ. ಗುಮಾಸ್ತರು ಏಣಿಯ ಬುಡಕ್ಕೆ ಬಂದರು. ಮರ ಕಡಿಯುವವನ ಕಾಲು ಏಣಿಯ ಕೊನೆಯ ಮೆಟ್ಟಿಲು ಮುಟ್ಟಿತು.

"ಗೂಡಿದೆ ಸಾರ್!"

ಅದು ಕಿರುಚಿದ ಹಾಗೆ ಬಂತು.

"ಏನಂದ್ರಿ?"

"ಗೂಡಿದೆ. ನಾನು ಸಹಿ ಹಾಕಿದ್ದು ತಪ್ಪು. ಅವು ಯಾವ ಹಕ್ಕಿ, ಎಲ್ಲಿ ಗೂಡು ಕಟ್ಟುತ್ತವೆ ಅಂತ ನನಗೆ ಗೊತ್ತಿರಲಿಲ್ಲ. ಏನೂ ಗೊತ್ತಿರಲಿಲ್ಲ ಸಾರ್."

ಜವಾನನ ಕೈಯಿಂದ ನೀರಿನ ಲೋಟ ಜಾರಿ ಉರುಳಿತು. ಮೂವತ್ತು ವರ್ಷದಲ್ಲಿ ಅವನು ಕೇಳದ ಮಾತು ಅದು.

ಸಾಹೇಬರು ಕೆಂಪಗಾದರು. ಕನ್ನಡಕ ಹಾಕಿ ಮೇಲೆ ನೋಡಿದರು, ತೆಗೆದು ನೋಡಿದರು. ಆಮೇಲೆ ನಿಯಮದ ಪುಸ್ತಕ ತರಿಸಿದರು. "ನೋಡಿ, ಇಲ್ಲಿ ಏನು ಬರೆದಿದೆ? 'ಗೂಡಿನಲ್ಲಿ ಹಕ್ಕಿ ಕೂತು ಕಾವು ಕೊಡುತ್ತಿದ್ದಲ್ಲಿ.' ಆ ಹಕ್ಕಿ ಎಲ್ಲಿ ಕೂತಿದೆ? ಕೊಂಬೆ ಮೇಲೆ. ಗೂಡಿನಲ್ಲಿ ಕೂತಿಲ್ಲ. ಕೊಂಬೆ ಮೇಲೆ ಕೂತ ಹಕ್ಕಿಗೆ ನಿಯಮ ಇಲ್ಲ."

"ಅದರಲ್ಲಿ ಕೂತರೆ ಗೂಡು ಮುರಿಯುತ್ತೆ ಸಾರ್. ಗೂಡು ಅಷ್ಟೇ ಇದೆ. ಅದಕ್ಕೇ ಅವು ಕೂರದೇನೇ..." ಗುಮಾಸ್ತರು ಎರಡೂ ಅಂಗೈಯನ್ನು ಗಾಳಿಯಲ್ಲಿ ಏನನ್ನೋ ಮುಚ್ಚುವ ಹಾಗೆ ಹಿಡಿದು ನಿಂತರು.

ಆಗ ಎಲ್ಲರಿಗೂ ಮರ ಕಡಿಯುವವನ ನೆನಪಾಯಿತು. ಅವನು ಇಳಿದಿರಲಿಲ್ಲ, ಏರಿಯೂ ಇರಲಿಲ್ಲ. ಏಣಿಯ ತುದಿಯಲ್ಲಿ ಕಾಂಡವನ್ನು ಅಪ್ಪಿಕೊಂಡು, ಎರಡು ಮಾರು ದೂರದ ಕೊಂಬೆಯನ್ನು ನೋಡುತ್ತಿದ್ದ. ಹಕ್ಕಿಯೂ ಅವನನ್ನು ನೋಡುತ್ತಿತ್ತು. ಅದು ಕದಲಲಿಲ್ಲ. ಗರಿಯನ್ನು ಇನ್ನಷ್ಟು ಉಬ್ಬಿಸಿತು, ಅಷ್ಟೆ.

ಬಹಳ ಹೊತ್ತಿನ ಮೇಲೆ ಅವನು ನಿಧಾನವಾಗಿ ಇಳಿದು ಬಂದು ಗರಗಸವನ್ನು ನೆಲದ ಮೇಲಿಟ್ಟ.

"ಇಪ್ಪತ್ತೆಂಟು ವರ್ಷದಿಂದ ಕಡೀತಾ ಇದ್ದೀನಿ," ಎಂದ. "ಒಣ ಕೊಂಬೆಗೆ ಗಂಟು ಇದ್ದರೆ ಗರಗಸ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಮೊದಲು ಕತ್ತಿ ಹಿಡಿದು ಸವರಿಬಿಡ್ತೀನಿ. ಎಷ್ಟು ಗಂಟು ಸವರಿದೀನೋ. ಅದರಲ್ಲಿ ಗಂಟು ಯಾವುದಿತ್ತು, ಯಾವುದು..." ಅವನು ಗರಗಸದ ಪಕ್ಕದಲ್ಲೇ ಕೂತುಬಿಟ್ಟ.

ಸಾಹೇಬರು ಮೇಜಿನಿಂದ ಎದ್ದರು. ಆಮೇಲೆ ಷೂ ಕಳಚಿ, ಕೋಟು ಬಿಚ್ಚಿ ಜವಾನನ ಕೈಗೆ ಕೊಟ್ಟು, ಏಣಿ ಹತ್ತಿದರು. ದೊಡ್ಡ ದೇಹ, ಏಣಿ ನರಳಿತು. ಹೋಗುವಾಗ ಅಧಿಕಾರಿಯಾಗಿ ಹೋದವರು ಮೇಲೆ ತಲುಪಿ ಏನಾದರೋ ಕೆಳಗಿದ್ದವರಿಗೆ ಕಾಣಲಿಲ್ಲ; ಅವರ ಕಾಲಿನ ಬೆರಳುಗಳು ಮಾತ್ರ ಕಾಣುತ್ತಿದ್ದವು. ಆ ಬೆರಳುಗಳು ಮೆಟ್ಟಿಲನ್ನು ಬಿಗಿಯಾಗಿ ಹಿಡಿದುಕೊಂಡು, ಚಿಕ್ಕ ಮಕ್ಕಳ ಕಾಲಿನ ಹಾಗೆ ಮಡಚಿಕೊಂಡಿದ್ದವು. ಇಷ್ಟು ದೊಡ್ಡ ಆಕಾಶವನ್ನು ಮಾಡಿದವನು ಹೆಬ್ಬೆರಳಿನಷ್ಟು ಜಾಗವನ್ನೂ ಅಷ್ಟೇ ಆಸ್ಥೆಯಿಂದ ಮಾಡಿ, ಕಾವಲಿಗೆ ಇಬ್ಬರನ್ನು ಇಟ್ಟಿದ್ದಾನೆ. ನೋಡಿದವರಿಗೆ ಕೈ ಮುಗಿಯಬೇಕೆನ್ನಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಕೆಳಗಿಳಿದ ಸಾಹೇಬರ ಧ್ವನಿ ಬದಲಾಗಿತ್ತು. "ಏನು ಮಾಡೋದು ಈಗ? ನಿಯಮ ಮಾತ್ರ ನನ್ನ ಕಡೆಗೇ ಇದೆಯಲ್ರೀ," ಎಂದರು, ನಿಯಮ ತಮ್ಮ ಕಡೆ ಇರುವುದು ದೊಡ್ಡ ಕಷ್ಟ ಎನ್ನುವ ಹಾಗೆ.

ಮೂವತ್ತಾರು ವರ್ಷದ ವಂಶಾವಳಿಗಳು ಆ ಕ್ಷಣ ಗುಮಾಸ್ತರ ಸಹಾಯಕ್ಕೆ ಬಂದವು. "ಸಾರ್, ಮರದ ನಿಯಮ ನಿಮ್ಮ ಕಡೆ ಇರಬಹುದು. ಆದರೆ ಇದು ವಂಶಾವಳಿ ವಿಚಾರಣೆ. ಹದಿನಾಲ್ಕನೇ ನಿಯಮ: ಹುಟ್ಟಬೇಕಾದ ವಾರಸುದಾರ ಇದ್ದರೆ, ಹುಟ್ಟುವ ತನಕ ವಂಶಾವಳಿ ಅಂತಿಮ ಮಾಡುವಂತಿಲ್ಲ. ಹುಟ್ಟಿದ ಮೇಲೂ, ಅಪ್ರಾಪ್ತ ವಯಸ್ಸು ದಾಟುವ ತನಕ ಅವರು ವಾಸ ಇರೋ ಜಾಗ ಮುಟ್ಟುವಂತಿಲ್ಲ."

"ವಾರಸುದಾರ ಎಲ್ಲಿ?"

ಗುಮಾಸ್ತರು ಮೇಲೆ ತೋರಿಸಿದರು. "ಮೊಟ್ಟೆಯೊಳಗೆ."

ಸಾಹೇಬರು ಪುಸ್ತಕ ತಿರುವಿದರು. ಓದಿದರು. ಅವರ ಮುಖದಲ್ಲಿ ಮೆಲ್ಲಗೆ ಬೆಳಕು ಬಂತು. "ಪ್ರಾಪ್ತ ವಯಸ್ಸು ಎಷ್ಟು ಟೀಚರ್, ಇವಕ್ಕೆ?"

"ಹಾರಿದ ದಿನ," ಎಂದರು ಟೀಚರಮ್ಮ.

ಸಾಹೇಬರು ಅಲ್ಲಿಯೇ ಆದೇಶ ಬರೆದರು: ವಾರಸುದಾರನು ಹಾರುವವರೆಗೆ ವಿಚಾರಣೆ ಮುಂದೂಡಲಾಗಿದೆ. ಗುಮಾಸ್ತರ ಸುಳ್ಳು ಸಹಿಯ ಬಗ್ಗೆ ಕೆಳಗೆ ಇನ್ನೊಂದು ಸಾಲು: 'ಕೆಳಗಿನಿಂದ ನೋಡಿದಾಗ ನನಗೂ ಗೂಡು ಕಾಣಲಿಲ್ಲ. ತಪ್ಪು ಹೇಳಿದವರು ತಾವೇ ತಿದ್ದಿಕೊಂಡಿದ್ದಾರೆ. ತಿದ್ದಿಕೊಳ್ಳದಿದ್ದರೆ ಆಗುತ್ತಿದ್ದ ತಪ್ಪು ನನ್ನದಾಗುತ್ತಿತ್ತು. ಆದ್ದರಿಂದ ಶಿಕ್ಷೆ ಇಲ್ಲ.' ಹಿಂದೆ ನಿಂತಿದ್ದ ಗುಮಾಸ್ತರ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡು, "ಮನೆಗೆ ಬಂದು ಊಟ ಮಾಡಿ ಇವತ್ತಾದರೂ," ಎಂದಳು.

ಆಮೇಲಿನ ದಿನಗಳು ಆ ಕಚೇರಿಗೆ ವಿಚಿತ್ರವಾದವು. ಅರ್ಜಿ ಹಿಡಿದು ಬಂದವರು ಮೊದಲು ಮರದ ಕೆಳಗೆ ನಿಂತು, "ಏನಾದರೂ ಆಯ್ತಾ?" ಎಂದು ಕೇಳುತ್ತಿದ್ದರು, ಹೆರಿಗೆ ಮನೆಯ ಹೊರಗೆ ಕೇಳುವ ಹಾಗೆ. ಮೊಟ್ಟೆಯೊಡೆದ ಸುದ್ದಿಯನ್ನು ಜವಾನ ಮೇಜು ಮೇಜಿಗೂ ಹೋಗಿ ಹೇಳಿದ. ಮಗು ಎಲ್ಲಿ ಮಲಗುತ್ತದೆ ಎಂಬ ಪ್ರಶ್ನೆಗೆ ಉತ್ತರವೂ ಸಿಕ್ಕಿತು: ಮಲಗುವುದೇ ಇಲ್ಲ. ಬಟ್ಟಲು ಸಾಲದಾದ ಮೇಲೆ ಅದು ಕೊಂಬೆಯ ಮೇಲೆಯೇ ಕೂತು, ಕೊಕ್ಕನ್ನು ಆಕಾಶಕ್ಕೆ ಎತ್ತಿ, ಮುರಿದ ರೆಂಬೆಯ ಮೋಟಿನಂತೆ ಅಲುಗದೆ ಇರುತ್ತಿತ್ತು. ಗಿಡುಗ ಮೇಲೆ ಸುತ್ತಿ ಹೋದರೂ ಅದಕ್ಕೆ ಕಂಡದ್ದು ಮೋಟು. ಒಂದು ಸಂಜೆ ಆಲಿಕಲ್ಲಿನ ಮಳೆ ಬಿತ್ತು. ಗುಮಾಸ್ತರೂ ಸಾಹೇಬರೂ ಒಂದೇ ಕಿಟಕಿಯಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡದೆ ಹೊರಗೆ ನೋಡಿದರು. ಮಳೆ ನಿಂತಾಗ ತಾಯಿ ರೆಕ್ಕೆ ಕೊಡವಿತು. ಅದರ ಹೊಟ್ಟೆಯ ಕೆಳಗಿನಿಂದ ಆ ಮೋಟು ಮತ್ತೆ ಕೊಕ್ಕೆತ್ತಿತು. "ಇದೆ," ಎಂದರು ಸಾಹೇಬರು. "ಇದೆ ಸಾರ್," ಎಂದರು ಗುಮಾಸ್ತರು.

ಒಂದು ಬೆಳಿಗ್ಗೆ ಅದು ಹಾರಿತು. ಯಾರೂ ಕಲಿಸಲಿಲ್ಲ. ಕೊಂಬೆಯ ಮೇಲಿದ್ದ ಮೋಟು ಒಮ್ಮೆಗೇ ಕುಡುಗೋಲಾಗಿ ಗಾಳಿಯನ್ನು ಸೀಳಿಕೊಂಡು ದಾಖಲೆ ಕೋಣೆಯ ಮೇಲೆ ಹೋಯಿತು. ಸೂರಿನಿಂದ ಹೊರಬಿದ್ದ ಬಾನಾಡಿಗಳ ಗುಂಪು ಕಿರುಚುತ್ತಾ ಸುತ್ತಿತು. ಅವುಗಳ ನಡುವೆ ದಾಯಾದಿಯ ಮಗು ತಿರುಗಿ ತಿರುಗಿ ಹಾರಿತು. ಟೀಚರಮ್ಮ ದುರ್ಬೀನು ಇಳಿಸಿ ಕಣ್ಣು ಮುಚ್ಚಿಕೊಂಡರು. ಜನ ಚಪ್ಪಾಳೆ ತಟ್ಟಬೇಕೆಂದಿದ್ದವರು ಮರೆತರು.

ಒಂದು ವಾರ ಕಳೆದು ಮೇಲಿನ ಕಚೇರಿಯಿಂದ ಕಾಗದ ಬಂತು: ಮರದ ಕಡತ ಯಾಕೆ ನಿಂತಿದೆ, ಕೂಡಲೇ ಮುಗಿಸಿ. ಸಾಹೇಬರು ಹೊಸ ನಮೂನೆಯನ್ನು ಹಿಡಿದು ತಾವೇ ಗುಮಾಸ್ತರ ಮೇಜಿನ ಬಳಿ ಬಂದರು. ಅವರಿಗೆ ಆ ಕಾಗದ ಹಿಡಿದುಕೊಳ್ಳಲು ಇಷ್ಟವಿರಲಿಲ್ಲ ಎಂಬುದು ಹಿಡಿದ ಬಗೆಯಲ್ಲೇ ಕಾಣುತ್ತಿತ್ತು.

"ಈಗಂತೂ ಗೂಡು ಖಾಲಿ. ನೀವು ಸಹಿ ಹಾಕಲೇಬೇಕು. 'ಸದರಿ ಮರದಲ್ಲಿ ಯಾವುದೇ ಹಕ್ಕಿಯ ಗೂಡು ಇರುವುದಿಲ್ಲ.' ಈ ಸಲ ನಿಜವೇ ತಾನೇ?"

ಗುಮಾಸ್ತರು ಪೆನ್ನಿನ ಮುಚ್ಚಳ ತೆಗೆದರು. ನಮೂನೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಮುಚ್ಚಳ ಹಾಕಿದರು.

"ನೋಡಿ ಬಂದು ಹೇಳ್ತೀನಿ ಸಾರ್."

ಏಣಿ ಮರಕ್ಕೆ ಒರಗಿಕೊಂಡೇ ಇತ್ತು. ಗುಮಾಸ್ತರು ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡರು. ಪ್ಯಾಂಟನ್ನು ಮೊಣಕಾಲಿಗೆ ಮಡಚಿದರು. ಒಂದೊಂದು ಮೆಟ್ಟಿಲಿಗೂ ದೇವರ ಹೆಸರು ಹೇಳುತ್ತಾ ಏರಿ, ಮೊದಲ ದೊಡ್ಡ ಕವಲಿನಲ್ಲಿ ಕೂತು, ಹತ್ತಿರದ ಕೊಂಬೆಯನ್ನು ಬುಡದಿಂದ ತುದಿಯವರೆಗೆ ನೋಡತೊಡಗಿದರು. ಒಂದು ಗಂಟು ಕಂಡರೆ ಅದು ಗಂಟೇ ಎಂದು ಖಾತ್ರಿಯಾಗುವವರೆಗೆ ನೋಡುತ್ತಿದ್ದರು. ಮುಟ್ಟುತ್ತಿರಲಿಲ್ಲ.

ಮಧ್ಯಾಹ್ನ ಇಳಿಯಿತು. ಸಾಹೇಬರು ಅಂಗಳಕ್ಕೆ ಬಂದು ಕೈಯನ್ನು ಹಣೆಗೆ ಅಡ್ಡ ಹಿಡಿದು ಕೂಗಿದರು.

"ಏನ್ರೀ, ಇದೆಯೋ ಇಲ್ಲವೋ?"

"ಒಂದು ಕೊಂಬೆ ಮುಗೀತು ಸಾರ್," ಎಲೆಗಳೊಳಗಿನಿಂದ ಧ್ವನಿ ಬಂತು. "ಪೂರ್ತಿ ನೋಡಿದೆ. ಅದರಲ್ಲಿ ಇಲ್ಲ."

"ಇನ್ನೆಷ್ಟಿವೆ?"

ಗುಮಾಸ್ತರು ತಲೆಯೆತ್ತಿದರು. ಕೊಂಬೆಯಿಂದ ಕೊಂಬೆ, ಕೊಂಬೆಯಿಂದ ರೆಂಬೆ, ರೆಂಬೆಯಿಂದ ಕಡ್ಡಿ; ಒಂದೊಂದು ಕಡ್ಡಿಯ ಮೇಲೂ ಒಂದು ಬಟ್ಟಲಿಗೆ ಸಾಕಾಗುವಷ್ಟು ಜಾಗ. ಇಷ್ಟು ವರ್ಷ ಇದರ ಕೆಳಗೆ ಕೂತು ಬುತ್ತಿ ಉಂಡಿದ್ದರು.

"ಎಣಿಸೋಕೆ ಆಗ್ತಾ ಇಲ್ಲ ಸಾರ್," ಎಂದರು.

ಸಾಹೇಬರೂ ತಲೆಯೆತ್ತಿ ಕೊಂಬೆಗಳನ್ನು ನೋಡಿದರು. ಆಮೇಲೆ ಜವಾನನನ್ನು ಕರೆದು, "ಅವರಿಗೆ ನೀರು ಮೇಲಕ್ಕೇ ಕಳಿಸಪ್ಪಾ. ಇದು ಬೇಗ ಮುಗಿಯೋ ಕೆಲಸ ಅಲ್ಲ," ಎಂದು ಹೇಳಿ, ಜೇಬಿನಿಂದ ಕೀಲಿಕೈ ತೆಗೆದು, ಕಾರನ್ನು ಹೊರಗಿನ ರಸ್ತೆಯಲ್ಲಿ ನಿಲ್ಲಿಸಲು ಹೋದರು.